ಫರಸಿ ಕಲ್ಲಿನ ಸಂದಿ

ಇಂಡಿ ತಾಲೂಕಿನ ಅರ್ಧ ಮನೆಗಳಿಗೆ ಫರಸಿ ಕಲ್ಲು ಹಾಸಿದ ಗೌಂಡಿ ಭೀಮಶ್ಯಾನ ಸ್ವಂತ ಮನೆಯ ಅಂಗಳ ಮಾತ್ರ ಎರೆಮಣ್ಣಿನದೇ ಆಗಿ ಉಳಿದಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನ ಹೆಂಡತಿ ಯಲ್ಲವ್ವ ಮದುವೆಯಾದ ಮೊದಲ ಮಳೆಗಾಲದಿಂದಲೂ ಹಂಗಿಸುತ್ತ ಬಂದಿದ್ದಳು. ಅವನೂ ಬರುವ ವರ್ಷ ಹಾಸೋಣ, ಬರುವ ವರ್ಷ ಹಾಸೋಣ ಎನ್ನುತ್ತ ಬಂದಿದ್ದ. ಹಾಗೆನ್ನುತ್ತಿರುವಾಗಲೇ ಲಚ್ಯಾಣದಲ್ಲಿ ಯಾರದೋ ಪಡಸಾಲೆಗೆ ನೆಲ ಹಾಕುತ್ತ ಕೂತವನ ಕೈಯಿಂದ ಥಾಪಿ ಜಾರಿ ಬಿತ್ತು. ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತವು, ನಾಲಿಗೆಯೂ ದಪ್ಪಗಾಯಿತು.

ಅಗರಖೇಡದ ಅವರ ಮನೆಯ ಬಾಗಿಲಿನಿಂದ ಗೇಟಿನವರೆಗೆ ಉದ್ದನೆಯ ಅಂಗಳ. ಗೇಟು ದಾಟಿ ರಸ್ತೆಯ ಆಚೆಗೆ ಗುರಪ್ಪನ ಚಹಾದ ಅಂಗಡಿ. ಆ ಅಂಗಡಿಯ ಬೆಂಚಿನ ಮೇಲೆ ಕೂತು ಚಹಾ ಕುಡಿಯದೆ ಭೀಮಶ್ಯಾ ಎಂದೂ ಕೆಲಸಕ್ಕೆ ಹೊರಟವನಲ್ಲ. ವಾಕರ್ ಹಿಡಿದು ನಿಲ್ಲುವುದನ್ನು ಕಲಿತ ಮೇಲೆ ಅವನಿಗೆ ಹಿಡಿದದ್ದು ಒಂದೇ ಹಂಬಲ: ಯಾರ ತೋಳೂ ಹಿಡಿಯದೆ ಗುರಪ್ಪನ ಅಂಗಡಿಗೆ ಹೋಗಿ ಬರಬೇಕು. ಆದರೆ ಎರೆಮಣ್ಣು ಒಣಗಿದರೆ ಕಾಲು ಹೋಗುವಂಥ ಬಿರುಕು, ನೆನೆದರೆ ಚಪ್ಪಲಿ ಬಿಡದ ಕೆಸರು. ಅದರ ಮೇಲೆ ಎಷ್ಟು ಕಿತ್ತರೂ ಬರುವ ಜೇಕು ಎಂಬ ಗಡ್ಡೆ ಹುಲ್ಲು. ವಾಕರಿನ ಕಾಲು ಒಮ್ಮೆ ಬಿರುಕಿಗೆ ಸಿಕ್ಕಿತು, ಇನ್ನೊಮ್ಮೆ ಜೇಕಿನ ಮೆಳೆಗೆ ತೊಡರಿತು, ಎರಡು ಸಲವೂ ಬಿದ್ದ. ಆಮೇಲೆ ಅವನು ಹಾಸಿಗೆ ಬಿಟ್ಟೇಳಲು ಮನಸ್ಸು ಮಾಡಲಿಲ್ಲ. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ತಾಟು ಆಚೆ ದೂಡತೊಡಗಿದ. ಈ ಮನುಷ್ಯ ಹೀಗೇ ಮಲಗಿಬಿಟ್ಟರೆ ಇನ್ನು ಏಳುವುದಿಲ್ಲ ಎಂಬ ಹೆದರಿಕೆ ಯಲ್ಲವ್ವಳ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳುವ ಬದಲು ಎಲ್ಲರ ಮೇಲೂ ರೇಗಿದಳು.

ಅವನ ಮಾತು ತಿಳಿಯುತ್ತಿದ್ದದ್ದು ಅವಳೊಬ್ಬಳಿಗೇ. ಅವನು ಬಾಯಲ್ಲಿ ಕಲ್ಲು ಇಟ್ಟುಕೊಂಡವರಂತೆ ಏನೋ ಗೊಣಗಿದರೆ ಮಗ ಪರಶು, ಸೊಸೆ ಪಲ್ಲವಿ ಇಬ್ಬರೂ ಅವಳ ಮುಖ ನೋಡುತ್ತಿದ್ದರು. ಅವಳು ಹೇಳಿದ್ದೇ ಅರ್ಥ. ಮನೆಯಲ್ಲಿ ಅವಳ ಮಾತಿಗೆ ಇಷ್ಟು ಬೆಲೆ ಹಿಂದೆಂದೂ ಇರಲಿಲ್ಲ, ಅದು ಅವಳಿಗೆ ಹಿತವಾಗಿಯೇ ಇತ್ತು ಎನ್ನಬೇಕು.

ಪಲ್ಲವಿ ಮುದ್ದೇಬಿಹಾಳದ ಕಡೆಯ ತಂಗಡಗಿಯವಳು, ಊರಿನ ಅಂಗನವಾಡಿಯಲ್ಲಿ ಟೀಚರು. ಬೇಸಿಗೆಯ ಒಂದು ಸಂಜೆ ಝುಣಕ ಬಡಿಸುತ್ತ ಅವಳೇ ಮಾತು ತೆಗೆದಳು.

"ನಮ್ಮ ಅಣ್ಣ ಮುತ್ತು ಫರಸಿ ಕಲ್ಲ ಕಳಸ್ತೇನಿ ಅಂದಾನ್ರಿ, ಅತ್ತಿ. ಬಾಗಲದಿಂದ ಗೇಟಿನ ತನಾ ಹಾಸಿಬಿಡೂಣು. ಮಾವಾರು ಆರಾಮ ನಡೀತಾರ."

"ಗೌಂಡಿ ಮನಿಗೆ ಬೀಗರ ಮನಿಯಿಂದ ಕಲ್ಲ ಬರಬೇಕಾತೇನು?" ಎಂದಳು ಯಲ್ಲವ್ವ.

ಪರಶು ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತಿದ್ದ. ಲಿಂಬೆಹಣ್ಣಿನ ಚೀಲಗಳನ್ನು ಇಂಡಿಯ ಮಾರುಕಟ್ಟೆಗೆ ಸಾಗಿಸುವ ಟೆಂಪೋದವನು ಅವನು. ರಸ್ತೆಯಲ್ಲಿ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುತ್ತಿದ್ದ, ಆದರೆ ಅವ್ವ ಒಂದು ಕಡೆ ಹೆಂಡತಿ ಒಂದು ಕಡೆ ನಿಂತರೆ ಅವನ ಬಾಯಿ ಕಟ್ಟುತ್ತಿತ್ತು. ಮಂಚದ ಮೇಲಿಂದ ಭೀಮಶ್ಯಾ ಏನೋ ಅಂದ. ಮೂವರೂ ತಿರುಗಿದರು.

"ಕಲ್ಲಿಗೆ ಬೀಗರ ಮನಿ, ನೆಂಟರ ಮನಿ ಅಂತ ಇರೂದಿಲ್ಲ, ತರಸ್ರಿ ಅಂದ್ರು," ಎಂದಳು ಯಲ್ಲವ್ವ. ಅವನು ಅದರ ಜೊತೆಗೆ 'ನೀ ಸುಮ್ನ ಕೂಡ್ರು' ಎಂದೂ ಅಂದಿದ್ದ. ಅದನ್ನು ಹೇಳುವ ಅಗತ್ಯ ಅವಳಿಗೆ ಕಾಣಲಿಲ್ಲ.

ಕಲ್ಲು ಬಂತು. ನೀಲಿ ಬಣ್ಣದ, ಅಂಗೈಯಷ್ಟು ನುಣುಪಾದ ಚಪ್ಪಡಿಗಳು. ಮುತ್ತು ಒಡೆದದ್ದನ್ನೆಲ್ಲ ತೆಗೆದು ಆರಿಸಿ ಕಳಿಸಿದ್ದ. ಪಲ್ಲವಿ ಒಂದೊಂದನ್ನೂ ಸೆರಗಿನಿಂದ ಒರೆಸಿ ಗೋಡೆಗೆ ಆನಿಸಿದಳು. ಯಲ್ಲವ್ವ ದೂರದಿಂದಲೇ ನೋಡಿ, ಬಣ್ಣ ಸ್ವಲ್ಪ ಮಬ್ಬು ಎಂದಳು.

ಪರಶುಗೆ ಅವಸರ. ನೆಲದ ಮೇಲಿನ ಕಸವನ್ನು ಕಾಲಿನಿಂದ ತುಳಿದು, ಮೇಲೆ ಹಳೆಯ ಗೊಬ್ಬರದ ಚೀಲ ಹಾಸಿ, ಅದರ ಮೇಲೆ ಕಲ್ಲು ಇಟ್ಟುಬಿಡುತ್ತೇನೆ, ಚೀಲ ದಾಟಿ ಯಾವ ಕಸ ಬರುತ್ತದೆ ನೋಡೋಣ ಎಂದು ಹೊರಟ. ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಭೀಮಶ್ಯಾ ಎಡಗೈಯಿಂದ ವಾಕರನ್ನು ನೆಲಕ್ಕೆ ಕುಟ್ಟಿದ. ತಿಂಗಳುಗಳಾದ ಮೇಲೆ ಅವನ ಮುಖದಲ್ಲಿ ಸಿಟ್ಟು ಬಂದಿತ್ತು, ಅದನ್ನು ಕಂಡು ಯಲ್ಲವ್ವಳಿಗೆ ಹಬ್ಬವಾಯಿತು. ಅವನು ಗೊಣಗುತ್ತ ಹೋದ, ಅವಳು ಹೇಳುತ್ತ ಹೋದಳು: ಎರೆಮಣ್ಣು ಮಳೆಗೆ ಉಬ್ಬುತ್ತದೆ, ಕಲ್ಲು ಎತ್ತಿಹಾಕುತ್ತದೆ. ಒಂದು ಗೇಣು ಅಗೆದು ತೆಗೆಯಿರಿ. ಜೇಕಿನ ಗಡ್ಡೆ ಒಂದೂ ಉಳಿಯಬಾರದು, ಉಳಿದರೆ ಅದು ಚೀಲವನ್ನೂ ತೂತು ಮಾಡಿಕೊಂಡು ಬರುತ್ತದೆ. ಆಮೇಲೆ ಗರಸು ಮಣ್ಣು ತುಂಬಿ, ನೀರು ಹೊಡೆದು, ಧುಮ್ಮಸದಿಂದ ಗಟ್ಟಿಯಾಗಿ ಕುಟ್ಟಿರಿ. ಅದರ ಮೇಲೆ ಉಸುಕು, ಉಸುಕಿನ ಮೇಲೆ ಕಲ್ಲು. ನೀರು ಒಂದು ಕಡೆಗೆ ಹರಿಯುವಂತೆ ಇಳಿಜಾರು ಇರಲಿ.

ಜೇಕಿನ ಗಡ್ಡೆ ಎಂದೊಡನೆ ಯಲ್ಲವ್ವ ಸೀರೆ ಕಚ್ಚೆ ಹಾಕಿದಳು. ಅದು ಅವಳ ವಿದ್ಯೆ. ಕಂಡವರ ಹೊಲದಲ್ಲಿ ಕಸ ತೆಗೆಯುತ್ತಲೇ ತಲೆ ಬೆಳ್ಳಗಾದವಳು, ಈಗಲೂ ವಾರಕ್ಕೆ ಎರಡು ಮೂರು ದಿನ ಅಬ್ದುಲರಜಾಕನ ಲಿಂಬೆ ತೋಟಕ್ಕೆ ಹೋಗುತ್ತಿದ್ದಳು, ಬರುವಾಗ ಮನೆಯ ಎಮ್ಮೆಗೆ ಒಂದು ಹೊರೆ ಹುಲ್ಲು ತರುತ್ತಿದ್ದಳು. ಪರಶು ಗುದ್ದಲಿಯಿಂದ ಅಗೆದು ಹಾಕಿದ ಮಣ್ಣನ್ನು ಅವಳು ಬೆರಳಲ್ಲಿ ಜಾಲಾಡಿ ಕರಿಯ ಗಡ್ಡೆಗಳನ್ನು ಆರಿಸತೊಡಗಿದಳು. ಅಂಗನವಾಡಿ ಮುಗಿಸಿ ಬಂದ ಪಲ್ಲವಿಯೂ ಎದುರಿಗೆ ಕೂತಳು. ಮೊದಲು ಬಿಗಿದುಕೊಂಡೇ ಇದ್ದ ಯಲ್ಲವ್ವ, ಸೊಸೆಯು ಗಡ್ಡೆಯ ಜೊತೆಗೆ ಬೆಣಚು ಕಲ್ಲನ್ನೂ ಬುಟ್ಟಿಗೆ ಹಾಕುವುದನ್ನು ನೋಡಿ ನಕ್ಕುಬಿಟ್ಟಳು. ಒಂದು ಗಡ್ಡೆಗೆ ಇನ್ನೊಂದು ದಾರದಂಥ ಬೇರಿನಿಂದ ಹೇಗೆ ಜೋಡಿಕೊಂಡಿರುತ್ತದೆ, ಎಳೆದರೆ ಹೇಗೆ ಕಡಿಯುತ್ತದೆ, ಹಿಂದೆ ಬೆರಳಿಟ್ಟು ಹೇಗೆ ಎಬ್ಬಿಸಬೇಕು ಎಂದು ತೋರಿಸಿಕೊಟ್ಟಳು. ಮರುದಿನ ಪಲ್ಲವಿ ಮೂರು ಗಡ್ಡೆಗಳ ಸರವನ್ನು ಕಡಿಯದೆ ಎತ್ತಿ ತೋರಿಸಿದಾಗ ಯಲ್ಲವ್ವ ಅವಳ ಗಲ್ಲ ಹಿಂಡಿದಳು. ಆ ವಾರ ಮನೆಯಲ್ಲಿ ಅನ್ನ ಸಾರು ಹೊತ್ತಿಗೆ ಸರಿಯಾಗಿ ಆಗಲಿಲ್ಲ. ಇದ್ದ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ಎಲ್ಲರೂ ಅಂಗಳದಲ್ಲೇ ಕೂತು ತಿಂದರು. ಭೀಮಶ್ಯಾ ತಾಟು ದೂಡಲಿಲ್ಲ, ಇನ್ನೊಂದು ರೊಟ್ಟಿಗೆ ಕೈ ಚಾಚಿದ.

ಕಲ್ಲೆಲ್ಲ ಕೂತ ದಿನ ಅವನು ಕೊನೆಯ ಮಾತು ಹೇಳಿದ. ಒಂದು ಮಳೆ ಬೀಳಲಿ, ಕಲ್ಲು ತಾನಾಗಿ ಕೂಡ್ರಲಿ. ಆಮೇಲೆ ಸಂದಿಗೆ ಉಸುಕು, ಸಿಮೆಂಟು ತುಂಬಿರಿ. ಅಲ್ಲಿಯವರೆಗೆ ಅಂಗಳಕ್ಕೆ ಸಗಣಿ ಸಾರಿಸಬೇಡಿ, ಸಗಣಿಯಲ್ಲಿ ಕಸದ ಬೀಜ ಇರುತ್ತದೆ, ಸಂದಿಗೆ ಇಳಿಯುತ್ತದೆ.

ಮೊದಲರ್ಧವನ್ನು ಯಲ್ಲವ್ವ ಮಗನಿಗೆ ದಾಟಿಸಿದಳು. ಉಳಿದರ್ಧ ಅವಳ ಗಂಟಲಲ್ಲೇ ಉಳಿಯಿತು. ಸಾರಿಸದ ಅಂಗಳವೂ ಒಂದು ಅಂಗಳವೇ? ಸೂತಕದ ಮನೆಯ ಹಾಗೆ ಬರಿ ಕಲ್ಲು ಬಿಟ್ಟುಕೊಂಡು ಕೂಡ್ರುವುದೇ? ಅದಲ್ಲದೆ, ಹೋಗಿ ಬರುವವರೆಲ್ಲ ನಿಂತು 'ತಂಗಡಗಿ ಕಲ್ಲು ಛಂದ ಅದಾವ' ಎನ್ನುವುದು ಅವಳ ಕಿವಿಗೆ ಅಷ್ಟೇನೂ ಛಂದ ಕೇಳುತ್ತಿರಲಿಲ್ಲ.

ಪರಶು ಪಕ್ಕದಲ್ಲಿ ನಡೆಯುತ್ತಿದ್ದಂತೆ ಭೀಮಶ್ಯಾ ಗೇಟಿನವರೆಗೆ ಹೋಗಿ ಬಂದ. ತೋಳು ಹಿಡಿಸಿಕೊಳ್ಳಲಿಲ್ಲ. ಕಾಲಿಗೆ ಇನ್ನಷ್ಟು ಬಲ ಬರಲಿ, ರಸ್ತೆಯನ್ನೂ ದಾಟುತ್ತೇನೆ ಎಂದ. ಯಲ್ಲವ್ವ ಅದನ್ನು ಒಂದಕ್ಷರ ಬಿಡದೆ ಎಲ್ಲರಿಗೂ ಹೇಳಿದಳು, ಓಣಿಗೂ ಹೇಳಿದಳು.

ಆ ಶುಕ್ರವಾರ ಬೆಳಿಗ್ಗೆ ಎಮ್ಮೆಯ ಸಗಣಿ ಕಲಸಿ, ಬಾಗಿಲಿನಿಂದ ಗೇಟಿನ ತನಕ ಕಲ್ಲೂ ಸಂದಿಯೂ ಒಂದಾಗುವಂತೆ ಸಾರಿಸಿ, ಮೇಲೆ ರಂಗೋಲಿ ಎಳೆದಳು. ಬಾಗಿಲಿಗೆ ಬಂದ ಭೀಮಶ್ಯಾ ನೋಡಿ ಗುರುಗುಟ್ಟಿದ.

"ಮಾವಾರು ಏನಂದ್ರು, ಅತ್ತಿ?" ಎಂದು ಕೇಳಿದಳು ಪಲ್ಲವಿ.

"ಛಂದ ಕಾಣಾಕತ್ತೈತಿ ಅಂದ್ರು."

ತವರಿನ ಕಲ್ಲು ಸಗಣಿಯ ಕೆಳಗೆ ಮುಚ್ಚಿಹೋದದ್ದನ್ನು ಕಂಡು ಪಲ್ಲವಿಯ ಮುಖ ಸಣ್ಣದಾಯಿತು. ಆದರೆ ಮಾವನೇ ಛಂದ ಎಂದ ಮೇಲೆ ಅವಳು ಏನು ಹೇಳಬೇಕು? ಒಳಗೆ ಹೋಗಿ ಹಿಟ್ಟು ನಾದಿದಳು. ಭೀಮಶ್ಯಾ ಹೆಂಡತಿಯನ್ನೇ ನೋಡುತ್ತ ಕೂತ. ಯಲ್ಲವ್ವ ಅವನ ಕಣ್ಣು ತಪ್ಪಿಸಿದಳು. ಮುಂದಿನ ಶುಕ್ರವಾರವೂ, ಅಮಾವಾಸ್ಯೆಗೂ ಸಾರಿಸಿದಳು.

ಬೇಸಿಗೆ ಮುಗಿದು ಮಿರಗದ ಮಳೆ ಬಂತು. ಪರಶುಗೆ ಲಿಂಬೆಯ ಸುಗ್ಗಿ, ಸಂದಿ ತುಂಬಲು ಪುರುಸೊತ್ತು ಸಿಗಲಿಲ್ಲ. ವಾರ ಕಳೆಯುವುದರೊಳಗೆ ಕಲ್ಲುಗಳ ನಡುವೆ ಹಸಿರು ಗೆರೆ ಎದ್ದಿತು. ಇನ್ನೊಂದು ವಾರಕ್ಕೆ ಅಂಗಳ ಪಗಡೆಯ ಹಾಸಿನಂತೆ ಕಾಣತೊಡಗಿತು. ಯಾರ ತಪ್ಪು ಎಂಬ ಮಾತು ದಿನಾ ಊಟಕ್ಕೆ ಪಲ್ಯದಂತೆ ಬರುತ್ತಿತ್ತು. ಗಡ್ಡೆ ಸರಿಯಾಗಿ ಆರಿಸಿಲ್ಲ ಎಂದು ಪರಶು, ಹೊಳೆಯ ಉಸುಕಿನಲ್ಲೇ ಬೀಜ ಇತ್ತೇನೋ ಎಂದು ಪಲ್ಲವಿ, ಕಲ್ಲೇ ಸಣ್ಣ ದೊಡ್ಡ ಇವೆ, ಸಂದಿ ಕೂಡಿಲ್ಲ ಎಂದು ಯಲ್ಲವ್ವ.

ಹಾಗಿರುವಾಗ ಒಂದು ಮಧ್ಯಾಹ್ನ ಭೀಮಶ್ಯಾ ಒಬ್ಬನೇ ಹೊರಟ. ಯಲ್ಲವ್ವ ಮೇವು ಹಾಕಿ ತಿರುಗುವಷ್ಟರಲ್ಲಿ ಧಪ್ ಎಂದು ಸದ್ದಾಯಿತು. ನೆನೆದ ಹುಲ್ಲು, ಸಗಣಿಯ ಲೋಳೆ. ವಾಕರ್ ಜಾರಿ, ಅವನು ಮೊಣಕೈ ಊರಿ ಬಿದ್ದಿದ್ದ. ಎಲುಬೇನೂ ಮುರಿಯಲಿಲ್ಲ. ಆದರೆ ಎತ್ತಿ ಒಳಗೆ ಮಲಗಿಸಿದ ಮೇಲೆ ಗೋಡೆಯ ಕಡೆ ಮುಖ ಮಾಡಿದವನು ಈ ಕಡೆ ತಿರುಗಲಿಲ್ಲ. ಕರೆದರೆ ಮಾತಿಲ್ಲ, ತಾಟು ಇಟ್ಟರೆ ಮುಟ್ಟುವುದಿಲ್ಲ. ಯಲ್ಲವ್ವ ಯಾವುದಕ್ಕೆ ಹೆದರಿದ್ದಳೋ ಅದೇ ಮನೆಯೊಳಗೆ ಬಂದು ಕೂತಿತ್ತು.

ಹೆದರಿಕೆಯಲ್ಲಿ ಅವಳ ನಾಲಿಗೆ ಹದ್ದು ಮೀರಿತು. "ತಂಗಡಗಿ ಕಲ್ಲು ಜಾರತಾವು. ಬ್ಯಾಡ ಬ್ಯಾಡ ಅಂತ ಮೊದಲ ಅಂದಿದ್ದೆ," ಎಂದುಬಿಟ್ಟಳು. ಪಲ್ಲವಿ ಅತ್ತಳು. ಫೋನಿನಲ್ಲಿ ಮುತ್ತುಗೂ ವಿಷಯ ತಿಳಿಯಿತು, ಅವನು ನೊಂದುಕೊಂಡ. ಪರಶು ಎರಡೂ ಕಡೆಯ ಮಾತು ಕೇಳಿ ಕೇಳಿ ಸಾಕಾಗಿ, ಸೋಮವಾರ ಎಲ್ಲ ಕಲ್ಲನ್ನೂ ಎಬ್ಬಿಸಿ ಕಾಂಕ್ರೀಟು ಹಾಕಿಬಿಡುತ್ತೇನೆ ಎಂದ. ಹಾಗಾದರೆ ಕಲ್ಲನ್ನು ತಾನೇ ತವರಿಗೆ ತಿರುಗಿ ಮುಟ್ಟಿಸಿ ಬರುವೆನೆಂದೂ, ಬರುವುದು ಯಾವಾಗ ಎಂದು ಈಗ ಹೇಳಲಾರೆನೆಂದೂ ಪಲ್ಲವಿ ಹೇಳಿದಳು.

ಭಾನುವಾರ ಯಲ್ಲವ್ವ ಒಬ್ಬಳೇ ಕುರ್ಪಿ ಹಿಡಿದು ಅಂಗಳದಲ್ಲಿ ಕೂತಳು. ಕೈ ತನ್ನ ಪಾಡಿಗೆ ತಾನು ಕಸ ಕೀಳುತ್ತಿತ್ತು. ಕಿತ್ತದ್ದೆಲ್ಲ ಸಲೀಸಾಗಿ ಬರುತ್ತಿತ್ತು, ಬೇರು ಬೆರಳುದ್ದವೂ ಇರಲಿಲ್ಲ, ಬುಡಕ್ಕೆ ಒಣಗಿದ ಸಗಣಿಯ ಹೆಕ್ಕಳೆ ಅಂಟಿಕೊಂಡಿತ್ತು. ಅವಳ ಕೈ ನಿಂತಿತು. ಹುಲ್ಲು, ಗೋಳಿ ಸೊಪ್ಪು, ಕಾಡು ರಾಜಗಿರಿ. ಅಂಗಳದ ತುಂಬ ಹುಡುಕಿದರೂ ಜೇಕು ಒಂದೇ ಒಂದು ಇರಲಿಲ್ಲ. ಕೆಳಗಿನಿಂದ ಬಂದದ್ದಾದರೆ ಮೊದಲು ಬರಬೇಕಾದದ್ದು ಜೇಕೇ. ಇದೆಲ್ಲ ಅಬ್ದುಲರಜಾಕನ ತೋಟದ ಕಸ. ತಾನೇ ಕಿತ್ತು, ತಾನೇ ಹೊರೆ ಕಟ್ಟಿ ತಂದು, ಎಮ್ಮೆಗೆ ಹಾಕಿದ್ದು. ಎಮ್ಮೆ ತಿಂದದ್ದನ್ನು ತಾನೇ ಶುಕ್ರವಾರ ಶುಕ್ರವಾರ ಸಂದಿ ಸಂದಿಗೆ ಬಿತ್ತಿದ್ದು. ಊರ ಹೊಲವೆಲ್ಲ ಹಸನು ಮಾಡಿದವಳು ಗಂಡನ ದಾರಿಯಲ್ಲಿ ಕಸ ಬೆಳೆದಿದ್ದಳು. ಅವಳಿಗೆ ಅಲ್ಲೇ ಕೂತು ಅಳಬೇಕೆನಿಸಿತು. ಆದರೆ ಪಲ್ಲವಿ ಕಿಟಕಿಯಲ್ಲಿದ್ದಳು, ಅದಕ್ಕೇ ಅಳಲಿಲ್ಲ.

ಸೋಮವಾರ ಪರಶು ಹಾರೆ ತಂದು ಮೊದಲ ಕಲ್ಲಿನ ಸಂದಿಗೆ ಇಟ್ಟ. ಕಬ್ಬಿಣ ಕಲ್ಲಿಗೆ ತಾಗಿದ ಸದ್ದಿಗೆ ಒಳಗಿನಿಂದ ಭೀಮಶ್ಯಾ ದೊಡ್ಡದಾಗಿ ಏನೋ ಅಂದ. ಬಿದ್ದ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು. ಪರಶು ಹಾರೆ ತಡೆದ. ಪಲ್ಲವಿ ಹೊಸ್ತಿಲಿಗೆ ಬಂದಳು.

"ಅಪ್ಪ ಏನಂದ, ಅವ್ವ?"

ಅವನು ಅಂದದ್ದು ಇಷ್ಟು: ಕಲ್ಲಿಂದೇನೂ ತಪ್ಪಿಲ್ಲ, ತಪ್ಪು ನನ್ನದು, ಸಂದಿ ತುಂಬಿಸದೆ ಬಿಟ್ಟವನು ನಾನು. ಅದನ್ನು ಅಂದಂತೆಯೇ ದಾಟಿಸಿದ್ದರೆ ಯಲ್ಲವ್ವ ಪಾರಾಗುತ್ತಿದ್ದಳು.

"ನಿಮ್ಮಪ್ಪ ಸುಳ್ಳ ಹೇಳಾಕತ್ತಾನ," ಎಂದಳು. "ತಪ್ಪು ನಂದು ಅಂತಾನ. ಅವಂದಲ್ಲ, ನಂದು. ಸಂದಿ ತುಂಬೂ ತನಾ ಸಗಣಿ ಹಚ್ಚಬ್ಯಾಡ್ರಿ, ಅದರಾಗ ಕಸದ ಬೀಜ ಇರತಾವು ಅಂತ ಅವತ್ತ ಹೇಳಿದ್ದ. ನಾ ನಿಮಗ ಹೇಳಲಿಲ್ಲ. ಕಲ್ಲಿನ ಕೆಳಗಿಂದ ಒಂದ ಕಡ್ಡಿನೂ ಬಂದಿಲ್ಲ ಪರಶು. ಎಲ್ಲಾ ಮ್ಯಾಲಿಂದ, ನನ್ನ ಕೈಲೆ ಬಂದೈತಿ. ಕಲ್ಲ ಎಬ್ಬಿಸಬ್ಯಾಡ. ಬೀಗರು ಚೊಲೋ ಕಲ್ಲ ಕಳಸ್ಯಾರ."

ಪರಶು ಹಾರೆಯನ್ನು ಗೋಡೆಗೆ ಒರಗಿಸಿ ಟೆಂಪೋ ಹತ್ತಿ ಹೋದ. ಪಲ್ಲವಿ ಹೊಸ್ತಿಲು ಇಳಿದು ಕಲ್ಲಿನ ಮೇಲೆ ಬಂದು ನಿಂತಳು. ಆಮೇಲೆ ಮೆಲ್ಲಗೆ, "ದೇವರು ವರಾ ಕೊಟ್ರೂ ಪೂಜಾರಿ ಕೊಡಲಿಲ್ಲ ನೋಡ್ರಿ, ಅತ್ತಿ," ಎಂದಳು. ಒಳಗಿನಿಂದ ಭೀಮಶ್ಯಾ ನಕ್ಕ. ನಗುವಿಗೆ ಮಾತ್ರ ಲಕ್ವಾ ಹೊಡೆದಿರಲಿಲ್ಲ, ಅದು ಎಲ್ಲರಿಗೂ ತಿಳಿಯುವಂತಿತ್ತು. ಆದರೂ ಪಲ್ಲವಿಯ ಬಿಗುಮಾನ ಪೂರ್ತಿ ಇಳಿಯಲು ಎರಡು ದಿನ ಹಿಡಿಯಿತು. ಆ ಎರಡು ದಿನ ಅತ್ತೆಗೆ ಬಿಸಿ ರೊಟ್ಟಿ ಬಡಿಸಿದಳು, ಮಾತು ಬಡಿಸಲಿಲ್ಲ. ಪರಶು ಮಾತ್ರ ಆ ಸೋಮವಾರ ಸಂಜೆಯೇ ಬರುವಾಗ ಸಿಮೆಂಟಿನ ಚೀಲ ಇಳಿಸಿದ.

ಮಳೆ ಬಿಡುವು ಕೊಟ್ಟ ದಿನ ಅತ್ತೆ ಸೊಸೆ ಸಂದಿಗಳನ್ನೆಲ್ಲ ಕುರ್ಪಿಯ ತುದಿಯಿಂದ ಕೆರೆದು, ಬೇರಿನ ಎಳೆ ಉಳಿಯದಂತೆ ತೆಗೆದು, ಒಣಗಲು ಬಿಟ್ಟರು. ಭೀಮಶ್ಯಾನನ್ನು ಮತ್ತೆ ಬಾಗಿಲಲ್ಲಿ ಕೂಡ್ರಿಸಿದರು. ಅವನು ಹೇಳಿದಂತೆ ಪರಶು ಉಸುಕು, ಸಿಮೆಂಟು ಒಣದಾಗಿಯೇ ಕಲಸಿದ. ಪಲ್ಲವಿ ಕಸಬರಿಗೆಯಿಂದ ಗುಡಿಸಿ ಸಂದಿಗೆ ಇಳಿಸಿದಳು. ಯಲ್ಲವ್ವ ಕಟ್ಟಿಗೆಯ ತುಂಡಿನಿಂದ ಒತ್ತಿ ಒತ್ತಿ ತುಂಬಿದಳು. ಕಲ್ಲಿನ ಮೇಲೆ ಉಳಿದ ಪುಡಿಯನ್ನು ಒರೆಸಿ, ಮೇಲೆ ನೀರು ಚಿಮುಕಿಸಿ, ಹಸಿ ಗೋಣಿತಾಟು ಹೊದಿಸಿದರು. ಕೆಲಸದ ನಡುವೆ ಭೀಮಶ್ಯಾ ಏನೋ ಅಂದಾಗ ಯಲ್ಲವ್ವ ಬಾಯಿ ತೆರೆಯುವ ಮೊದಲೇ ಪಲ್ಲವಿ, "ನೀರು ಇನ್ನಷ್ಟ ಹೊಡಿ ಅಂದ್ರಲ್ರಿ?" ಎಂದಳು. ಸರಿಯಾಗಿಯೇ ಇತ್ತು. ಯಲ್ಲವ್ವಳಿಗೆ ಸಂತೋಷವೂ ಆಯಿತು, ಕೈಯೊಳಗಿನದೇನೋ ಕಸಿದುಕೊಂಡಂತೆಯೂ ಆಯಿತು. ಸಾರಿಸಲು ನಿಮಗೆ ಇರಲಿ ಎಂದು ಪಲ್ಲವಿ ಅಂಗಳದ ಬದಿಗೆ, ತುಳಸಿ ಕಟ್ಟೆಯ ಸುತ್ತ ಕಲ್ಲಿಲ್ಲದ ಒಂದಿಷ್ಟು ಮಣ್ಣಿನ ನೆಲವನ್ನು ಹಸನು ಮಾಡಿಟ್ಟಳು. ಅದನ್ನು ಕಂಡು ಯಲ್ಲವ್ವ ಸೊಸೆಯ ತಲೆ ಸವರಿದಳು, ತವರಿನ ಕಲ್ಲು ಭಾಳ ಛಂದ ಅದಾವವ್ವ ಎಂದು ಬಾಯಿ ಬಿಟ್ಟು ಹೇಳಿದಳು.

ಸಂದಿ ಗಟ್ಟಿಯಾಗಿ, ಮಳೆ ಬಂದು ಹೋಗಿ, ಒಂದು ಎಸಳೂ ತಲೆ ಎತ್ತದ ಒಂದು ಮುಂಜಾನೆ ಭೀಮಶ್ಯಾ ಅಂಗಿ ಹಾಕಿಸಿಕೊಂಡು, ಟೊಪ್ಪಿಗೆ ಇಡಿಸಿಕೊಂಡು ಹೊರಟ. ಹಿಂದೆ ಬರಬೇಡ ಎಂದ. ಯಲ್ಲವ್ವ ಹೊಸ್ತಿಲಲ್ಲಿ ನಿಂತಳು. ವಾಕರ್ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಟಕ್ ಟಕ್ ಎನ್ನುತ್ತ ಹೋಯಿತು. ಗೇಟು ದಾಟಿತು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ನಿಂತು ಅವನಿಗೆ ದಾರಿ ಕೊಟ್ಟಿತು. ಅವನು ಹೋಗಿ ಬೆಂಚಿನ ಮೇಲೆ ಕೂತ.

ಅವನು ಗುರಪ್ಪನಿಗೆ ಏನೋ ಹೇಳಿದ. ಗುರಪ್ಪನಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದ, ಗುರಪ್ಪ ರಸ್ತೆಯ ಈಚೆಗೆ ಯಲ್ಲವ್ವಳ ಕಡೆ ನೋಡಿದ. ಅಷ್ಟು ದೂರ ಅವಳಿಗೂ ಕೇಳಿಸುವಂತಿರಲಿಲ್ಲ. ಓಡಿಹೋಗಬೇಕೆಂದು ಕಾಲು ಎತ್ತಿದವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹೋಗಬಾರದು. ಅವನೇ ಹೇಳಲಿ. ಭೀಮಶ್ಯಾ ಮೂರನೆಯ ಸಲ, ನಿಧಾನವಾಗಿ, ಎಡಗೈಯ ಎರಡು ಬೆರಳು ಎತ್ತಿ ಹೇಳಿದ. ಗುರಪ್ಪ ತಲೆಯಾಡಿಸಿ, ನಗುತ್ತ, ಈ ಕಡೆ ತಿರುಗಿ ಕೂಗಿದ.

"ಯಲ್ಲಕ್ಕಾ, ಬಾ ಇಲ್ಲೆ. ನಿನಗೂ ಒಂದ ಚಾ ಹೇಳ್ಯಾನ."

ಮದುವೆಯಾಗಿ ಬಂದಾಗಿನಿಂದ ಆ ಅಂಗಡಿಯನ್ನು ಅವಳು ದಿನಾ ನೋಡಿದ್ದಳು, ಆ ಬೆಂಚಿನ ಮೇಲೆ ಒಮ್ಮೆಯೂ ಕೂತವಳಲ್ಲ. ಗಂಡಸರು ಕೂಡ್ರುವ ಜಾಗ ಅದು. ಹಿಂದಿನಿಂದ ಪಲ್ಲವಿ ಬೆನ್ನಿಗೆ ಕೈಯಿಟ್ಟು, "ಹೋಗ್ರಿ ಅತ್ತಿ, ಆರತೈತಿ," ಎಂದಳು. ಯಲ್ಲವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಗಂಡ ನಡೆದ ಕಲ್ಲುಗಳ ಮೇಲೆಯೇ ನಡೆದು, ರಸ್ತೆ ದಾಟಿ, ಅವನ ಪಕ್ಕದಲ್ಲಿ ಹೋಗಿ ಕೂತಳು.